ಬುಖಾರಾದಲ್ಲಿ ಅಮ್ಮಿಯ ಮೂಕ ಕೋಳಿ

ಹೊರಡುವಾಗ

ಬೆಂಗಳೂರು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅಮ್ಮಿಯ ಕೈಚೀಲ ಎರಡು ಸಲ ಹಿಂದಕ್ಕೂ ಮುಂದಕ್ಕೂ ಹೋಯಿತು. ಮೂರನೆಯ ಸಲ ಸಮವಸ್ತ್ರದ ಹುಡುಗಿ ಅದರೊಳಗೆ ಕೈ ಹಾಕಿ, ಒಂದು ಗೇಣುದ್ದದ ಟೈಲರ್ ಕತ್ತರಿಯನ್ನು ಹೊರಗೆಳೆದಳು.

"ಇದ್ಯಾಕ್ ಇಟ್ಕೊಂಡಿದ್ದೀರಮ್ಮ?"

"ಯಾಕೆ ಅಂದ್ರೆ? ನಲವತ್ತು ವರ್ಷದಿಂದ ಅದ್ರಲ್ಲೇ ಇದೆ. ತೆಗೆಯೋದು ಮರ್ತೆ."

ಕತ್ತರಿ ಅಲ್ಲೇ ಉಳಿಯಿತು. ದೆಹಲಿ ಬರುವವರೆಗೂ ಅಮ್ಮಿ ನನ್ನೊಂದಿಗೆ ಮಾತಾಡಲಿಲ್ಲ, ಆ ಹುಡುಗಿಗೆ ನಾನೇ ಚಾಡಿ ಹೇಳಿಕೊಟ್ಟೆನೇನೋ ಎಂಬಂತೆ.

ನನ್ನ ತಾಯಿ ಅಮ್ಮಿಗೆ ಅರವತ್ತೊಂಬತ್ತು. ಆರ್.ಟಿ. ನಗರದ ನಮ್ಮ ಮನೆಯ ಮುಂಭಾಗದ ಕೋಣೆಯಲ್ಲಿ ಕೂತು ಇಡೀ ಬಡಾವಣೆಯ ಹೆಂಗಸರಿಗೆ ರವಿಕೆ ಹೊಲಿದುಕೊಟ್ಟವಳು. ಮನೆಯಲ್ಲಿ ನಮ್ಮ ಮಾತು ದಖ್ಖನಿ ಉರ್ದು. ಅವಳು ಹೇಳಿದ್ದನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಬೇಡ ಎನ್ನುವುದಕ್ಕೆ ಅವಳು ಹೇಳುವ 'ನಕ್ಕೋ' ಒಂದನ್ನು ಮಾತ್ರ ಹಾಗೇ ಬಿಡುತ್ತೇನೆ. ಅದನ್ನು ಬೇರೆ ಯಾವ ಭಾಷೆಯಲ್ಲಿ ಹೇಳಿದರೂ ಅಷ್ಟು ಖಡಾಖಂಡಿತವಾಗಿ ಕೇಳಿಸುವುದಿಲ್ಲ.

ನಾನು ಮಣ್ಣಿನ ಕೆಲಸದವಳು. ಜೇಡಿಮಣ್ಣನ್ನು ತಿಗರಿಯ ಮೇಲಿಟ್ಟು ಬಟ್ಟಲು, ಹೂಜಿ, ತಟ್ಟೆಗಳನ್ನು ಎತ್ತಿ, ಬಣ್ಣ ಕೊಟ್ಟು ಸುಡುತ್ತೇನೆ. ಬಾಗಲೂರಿನಲ್ಲಿ ಮುನಿರಾಜಣ್ಣ ಎಂಬವರ ಶೆಡ್ಡಿನಲ್ಲಿ ನನ್ನ ತಿಗರಿಯೂ ಸುಡುವ ಗೂಡೂ ಇವೆ. ಕೆಲವು ವರ್ಷಗಳ ಹಿಂದೆ ಒಂದು ಹೋಟೆಲಿನವರು ಬಂದು ಬೂದು ಬಣ್ಣದ ಸೂಪ್ ಬಟ್ಟಲು ಬೇಕೆಂದರು. ಎಲ್ಲವೂ ಒಂದೇ ಅಳತೆ, ಒಂದೇ ಅಂಚು. ಎರಡು ವರ್ಷ ಅದನ್ನೇ ಮಾಡಿದೆ. ಆಮೇಲೆ ಅವರು ಕಾರ್ಖಾನೆಯ ಬಟ್ಟಲುಗಳಿಗೆ ಹೋದರು. ಸದ್ಯ ಬಿಡುಗಡೆಯಾಯಿತು ಎಂದುಕೊಂಡು ನನ್ನಿಷ್ಟದ್ದೇನಾದರೂ ಮಾಡೋಣವೆಂದು ಕೂತರೆ, ಕೈ ಮತ್ತೆ ಅದೇ ಬಟ್ಟಲನ್ನು ಎತ್ತಿತು. ಹೂಜಿ ಮಾಡಹೊರಟರೂ ಅದೇ, ದೀಪ ಮಾಡಹೊರಟರೂ ಅದೇ. ನನ್ನ ಕೈ ನನ್ನ ಮಾತು ಕೇಳುತ್ತಿರಲಿಲ್ಲ. ಒಂದು ಮಧ್ಯಾಹ್ನ ತಿಗರಿಗೆ ಹಳೆಯ ಬೆಡ್‌ಶೀಟು ಹೊದಿಸಿ ಬಂದವಳು ಎಂಟು ತಿಂಗಳು ಆ ಕಡೆ ಹೋಗಲಿಲ್ಲ.

ಆ ದಿನಗಳಲ್ಲಿ ಫೋನಿನಲ್ಲಿ ಉಜ್ಬೇಕಿಸ್ತಾನದ ಒಬ್ಬ ಮುದುಕಿಯ ವಿಡಿಯೊ ಕಂಡಿತು. ಬುಖಾರಾ ಹತ್ತಿರದ ಹಳ್ಳಿಯೊಂದರಲ್ಲಿ ಅವರು ಮಣ್ಣಿನ ಸಿಳ್ಳೆ ಮಾಡುತ್ತಾರೆ. ಕೋಳಿ, ಟಗರು, ಕುದುರೆಯಂಥ ಗೊಂಬೆಗಳು. ಬಾಲದಲ್ಲಿ ಊದಿದರೆ ಕೂಗುತ್ತವೆ. ಕಲಿಯಲು ಬಂದವರು ಅವರ ಮನೆಯಲ್ಲೇ ಒಂದು ವಾರ ಇರಬಹುದಂತೆ. ಜೊತೆಗೆ ಬರಬೇಕಿದ್ದ ನನ್ನ ಗೆಳತಿ ಕೊನೆಯ ಹೊತ್ತಿನಲ್ಲಿ ಕಾಲು ಉಳುಕಿಸಿಕೊಂಡಳು. "ನಾನ್ ಬರ್ತೀನಿ, ಬುಖಾರಾ ಹೆಸ್ರು ಚಿಕ್ಕೋಳಿದ್ದಾಗಿಂದ ಕೇಳಿದ್ದೀನಿ" ಎಂದಳು ಅಮ್ಮಿ. ಅಲ್ಲಿನ ಸಂತರ ಗೋರಿಗಳನ್ನು ನೋಡುವುದು ಅವಳ ಆಸೆ. ನಾನು ಬೇಡವೆನ್ನಲಿಲ್ಲ. ಒಬ್ಬಳೇ ಹೋಗಲು ಭಯವಿತ್ತು. ಅಲ್ಲಿಯೂ ಕೈ ಅದೇ ಬಟ್ಟಲನ್ನು ಮಾಡಿದರೆ ಹೇಳಿಕೊಳ್ಳಲು ಯಾರಾದರೂ ಬೇಕಿತ್ತು.

ತಾಷ್ಕೆಂಟ್

ಅಮ್ಮಿ ಈ ದೇಶದಲ್ಲಿ ನನಗಿಂತ ಬೇಗ ಒಗ್ಗಿಕೊಂಡಳು. ನಾನು ಫೋನಿನಲ್ಲಿ ಅನುವಾದದ ಆ್ಯಪ್ ತೆರೆಯುವಷ್ಟರಲ್ಲಿ ಅವಳು ದಖ್ಖನಿಯಲ್ಲೇ ಶುರು ಮಾಡಿಬಿಡುತ್ತಿದ್ದಳು. ಹತ್ತು ಪದಗಳಲ್ಲಿ ಒಂದು ಹೇಗೋ ಅವರಿಗೂ ತಿಳಿಯುತ್ತಿತ್ತು. ಸಾಬೂನು, ಬಾಗಿಲಿಗೆ ದರ್ವಾಜಾ, ಅತಿಥಿಗೆ ಮೆಹಮಾನ್, ಚಹಾ ಬಟ್ಟಲಿಗೆ ಪ್ಯಾಲಾ ಎಲ್ಲವೂ ಅಲ್ಲಿ ಸ್ವಲ್ಪ ಸೊಟ್ಟಗಿದ್ದರೂ ಸಿಗುತ್ತವೆ.

ಆ ಧೈರ್ಯದ ಮೇಲೆ ತರಕಾರಿ ತರಲು ಮಾರುಕಟ್ಟೆಗೆ ಹೋಗಿ "ಸಬ್ಜಿ ಕೊಡಿ" ಎಂದಳು. ತರಕಾರಿಯವನು ಎದೆಯ ಮೇಲೆ ಕೈಯಿಟ್ಟು ನಮಸ್ಕರಿಸಿ ಒಂದು ಚೀಲದ ತುಂಬ ಕ್ಯಾರೆಟ್ ಸುರಿದ. ಅಮ್ಮಿ ತಲೆಯಾಡಿಸಿ ಮತ್ತೆ "ಸಬ್ಜಿ" ಎಂದಳು. ಅವನು ಇನ್ನಷ್ಟು ಕ್ಯಾರೆಟ್ ಹಾಕಿದ. ಅಲ್ಲಿ ಸಬ್ಜಿ ಎಂದರೆ ಕ್ಯಾರೆಟ್ ಎಂದು ಹೋಟೆಲಿನ ಹೆಂಗಸು ನಗುತ್ತ ತಿಳಿಸಿದಳು. ಮುಂದಿನ ಎರಡು ದಿನ ನಾವು ಮೊಲಗಳಂತೆ ಬದುಕಿದೆವು.

ಅಲ್ಲಿರುವಾಗಲೇ ಮುನಿರಾಜಣ್ಣ ಫೋನ್ ಮಾಡಿದರು. ಅವರದು ಬಾಗಲೂರಿನ ಹಳೆಯ ಬೇಸಾಯದ ಮನೆತನ. ಜಮೀನೆಲ್ಲ ಸೈಟುಗಳಾದ ಮೇಲೆ ಈಗ ಕಟ್ಟಡ ಕಟ್ಟಿಸುತ್ತಾರೆ. ನನ್ನ ಶೆಡ್ಡು ಹಿಂದೆ ಅವರು ರೇಷ್ಮೆ ಹುಳು ಸಾಕುತ್ತಿದ್ದ ಮನೆ.

"ಏನಮ್ಮ ಶಾಹೀನಾ, ಆ ಊರು ಎಂಗೈತೆ? ಊಟ ಗೀಟ ಒಗ್ತಾ?"

"ಚೆನ್ನಾಗಿದೆ ಅಣ್ಣ."

"ಶೆಡ್ಡಿನ್ ಇಚಾರ ಕೇಳಣಾಂತ. ನಮ್ ಬಾಮೈದ ಅಡ್ಗೆ ಕಂಟ್ರಾಕ್ಟು ಮಾಡ್ತಾನಲ್ಲ, ಪಾತ್ರೆ ಇಡಾಕೆ ಜಾಗ ಕೇಳ್ತಾವ್ನೆ. ನೀನು ಬಂದು ಎಂಟು ತಿಂಗ್ಳಾತು. ಕೆಲ್ಸ ಮಾಡ್ತೀನಿ ಅಂದ್ರೆ ಯಾರ್ಗೂ ಕೊಡಲ್ಲ. ಮಾಡಲ್ಲ ಅನ್ನಂಗಿದ್ರೆ ಯೋಳ್ಬುಡು. ಅವಸ್ರ ಇಲ್ಲ, ಬಂದ್ಮ್ಯಾಕೇ ಯೋಳು."

ಹೇಳುತ್ತೇನೆ ಎಂದೆ. ಅವರು ಗದರಿಸಿದ್ದರೆ ಒಳ್ಳೆಯದಿತ್ತು. ಅಷ್ಟು ಮೆದುವಾಗಿ ಕೇಳಿದ್ದರಿಂದ ಉತ್ತರ ಇನ್ನೂ ಭಾರವಾಯಿತು.

ರೈಲಿನಲ್ಲಿ

ಬುಖಾರಾಕ್ಕೆ ಹೋಗುವ ರೈಲಿನಲ್ಲಿ ಎದುರು ಕೂತ ಹೆಂಗಸು ತನ್ನ ಬುತ್ತಿ ಬಿಚ್ಚಿ ನಮಗೂ ಒಂದು ದುಂಡನೆಯ ರೊಟ್ಟಿ ಕೊಟ್ಟಳು. ನಾನು ತುಂಡು ಮುರಿದು ಉಳಿದದ್ದನ್ನು ಮೇಜಿನ ಮೇಲಿಟ್ಟೆ. ಅವಳು ತಟ್ಟನೆ ಕೈ ಚಾಚಿ ಅದನ್ನು ತಿರುಗಿಸಿಟ್ಟಳು. ರೊಟ್ಟಿಯನ್ನು ಮಗುಚಿ ಇಡಬಾರದಂತೆ, ಅದು ಅವಮಾನವಂತೆ ಎಂದು ಫೋನು ಅನುವಾದಿಸಿತು. ಅಮ್ಮಿ ನನ್ನನ್ನೇ ದಿಟ್ಟಿಸಿದಳು. "ನಮ್ಮನೇಲೂ ರೊಟ್ಟಿ ಚೂರು ನೆಲಕ್ಕೆ ಬಿದ್ರೆ ಕಣ್ಣಿಗೊತ್ತಿಕೊಳ್ತೀವಲ್ಲ, ಅಷ್ಟೂ ತಿಳಿಯಲ್ವಾ?" ಎಂದು ಆ ಹೆಂಗಸಿನ ಪರ ವಹಿಸಿದಳು. ಆಮೇಲೆ ಇಬ್ಬರೂ ಒಬ್ಬರಿಗೊಬ್ಬರು ಅರ್ಥವಾಗದ ಭಾಷೆಯಲ್ಲಿ ನಾಲ್ಕು ಗಂಟೆ ಸೊಸೆಯಂದಿರ ಬಗ್ಗೆ ಮಾತಾಡಿದರು. ಅಮ್ಮಿಗೆ ಸೊಸೆಯೇ ಇಲ್ಲ.

ಬುಖಾರಾ

ಜರಿಯ ಕಸೂತಿಗೆ ಅಲ್ಲಿಯೂ ಜರ್ದೋಸಿ ಎಂದೇ ಹೆಸರು. ಅಂಗಡಿಯೊಂದರಲ್ಲಿ ಅಮ್ಮಿ ಚಿನ್ನದೆಳೆಯ ನಿಲುವಂಗಿಯನ್ನು ಹಿಂದುಮುಂದು ಮಾಡಿ ಒಳಮೈಯ ಹೊಲಿಗೆ ನೋಡತೊಡಗಿದಳು. ಅಂಗಡಿಯವಳು ಮೊದಲು ಮುಖ ಗಂಟಿಕ್ಕಿದಳು. ಇವಳು ಒಂದು ಗಂಟಿನ ಮೇಲೆ ಬೆರಳಿಟ್ಟು ಮೆಚ್ಚಿ ತಲೆಯಾಡಿಸಿದಾಗ, ಒಳಗಿನಿಂದ ಚಹಾ ತರಿಸಿದಳು.

ಅದೇ ಸಂಜೆ ನಾನು ನೀಲಿ ಹೆಂಚುಗಳ ದೊಡ್ಡ ಬಾಗಿಲೊಂದರ ಎದುರು ಅರ್ಧ ಗಂಟೆ ನಿಂತೆ. ಎಷ್ಟೋ ಶತಮಾನಗಳ ಹಿಂದೆ ಯಾರೋ ಮಣ್ಣು ಕಲಸಿ, ಬಣ್ಣ ಬಳಿದು, ಸುಟ್ಟು ಕೂಡಿಸಿದ ಹೆಂಚುಗಳು. ನನ್ನ ಕೆಲಸದವರು ಜೀವಮಾನದಲ್ಲಿ ಒಮ್ಮೆಯಾದರೂ ನೋಡಬೇಕೆಂದು ಹಂಬಲಿಸುವ ಗೋಡೆ ಅದು. ನನಗೆ ಏನೂ ಅನ್ನಿಸಲಿಲ್ಲ. ಚೆನ್ನಾಗಿದೆ ಎಂದು ತಿಳಿಯುತ್ತಿತ್ತು. ಒಳಗೆ ಏನೂ ಅಲ್ಲಾಡಲಿಲ್ಲ. ತಿಗರಿಗೆ ಬೆಡ್‌ಶೀಟು ಹೊದಿಸಿದ ದಿನಕ್ಕಿಂತ ಹೆಚ್ಚು ಹೆದರಿದ್ದು ಅವತ್ತು.

ಹಳ್ಳಿ, ಮೊದಲ ದಿನ

ಬುಖಾರಾದಿಂದ ಒಂದು ಗಂಟೆಯ ದಾರಿ. ಹತ್ತಿಯ ಹೊಲಗಳ ನಡುವೆ ಮಣ್ಣಿನ ಗೋಡೆಯ ಮನೆ, ಅಂಗಳದಲ್ಲಿ ದ್ರಾಕ್ಷಿ ಚಪ್ಪರ. ಸಿಳ್ಳೆ ಮಾಡುವ ಮುದುಕಿಯ ಹೆಸರು ಹಲೀಮಾ. ತಾಯಿಯ ತಂಗಿಗೆ ನಾವು ಖಾಲಾ ಅನ್ನುತ್ತೇವೆ, ಅವರೂ ಹಾಗೇ ಅನ್ನುತ್ತಾರೆ. ಹಾಗಾಗಿ ಅವರು ನನಗೆ ಮೊದಲ ಗಳಿಗೆಯಿಂದಲೇ ಹಲೀಮಾ ಖಾಲಾ ಆದರು. ಅವರ ಸೊಸೆ ನಿಲೂಫರ್ ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಖಾಲಾ ಮಾತಾಡಿದ್ದು ಅವಳ ಮೂಲಕ ನಮಗೆ ತಲುಪಬೇಕು.

ನಿಲೂಫರ್ ಚಹಾ ತಂದಳು. ಮೊದಲ ಲೋಟವನ್ನು ಮೂರು ಸಲ ಬಗ್ಗಿಸಿ ಮೂರು ಸಲವೂ ಕೆಟಲಿಗೇ ಸುರಿದಳು. ಆಮೇಲೆ ಅಮ್ಮಿಯ ಪ್ಯಾಲಾದಲ್ಲಿ ಅರ್ಧ ಮಾತ್ರ ಹಾಕಿ ಕೊಟ್ಟಳು.

"ಇವ್ರ ಮನೇಲಿ ಬೈಟೂನಾ?" ಎಂದು ಅಮ್ಮಿ ನನ್ನ ಕಿವಿಯಲ್ಲಿ ಕೇಳಿದಳು.

ತುಂಬ ಹಾಕಿಕೊಟ್ಟರೆ ಕುಡಿದು ಹೊರಡಿ ಎಂದರ್ಥವಂತೆ. ಅರ್ಧ ಕೊಟ್ಟರೆ ಮತ್ತೆ ಮತ್ತೆ ಹಾಕುವ ನೆಪದಲ್ಲಿ ಅತಿಥಿಯ ಹತ್ತಿರ ಕೂತಿರಬಹುದು. ಇದನ್ನು ಕೇಳಿದ ಮೇಲೆ ಅಮ್ಮಿ ಒಂಬತ್ತು ಅರ್ಧಗಳನ್ನು ಕುಡಿದಳು.

ಅಂಗಳದಲ್ಲಿ ತಿಗರಿ ಇರಲಿಲ್ಲ. ಅಲ್ಲಿ ಗಂಡಸರು ತಿಗರಿಯಲ್ಲಿ ಪಾತ್ರೆ ಮಾಡಿದರೆ, ಹೆಂಗಸರು ಬರಿಗೈಯಲ್ಲಿ ಗೊಂಬೆ ಮಾಡುತ್ತಾರೆ. ಖಾಲಾ ಒಂದು ಮುದ್ದೆ ಮಣ್ಣು ನನಗೆ ಕೊಟ್ಟರು. ಮೂಲೆಯಲ್ಲಿ ಕೂತಿದ್ದ ಅಮ್ಮಿಗೂ ಕೇಳದೆಯೇ ಒಂದು ಮುದ್ದೆ ಕೊಟ್ಟರು.

"ನಕ್ಕೋ ನಕ್ಕೋ, ನಾನು ಇವಳ ಅಮ್ಮ ಅಷ್ಟೇ," ಎಂದಳು ಅಮ್ಮಿ. ಖಾಲಾಗೆ ಅದು ಅರ್ಥವಾಗಲಿಲ್ಲ, ಅಥವಾ ಅರ್ಥವಾಗದಂತೆ ನಟಿಸಿದರು.

ಖಾಲಾ ಮಾಡಿ ತೋರಿಸಿದರು. ಮಣ್ಣನ್ನು ಚಪಾತಿಯಂತೆ ತಟ್ಟಿ, ಮಡಿಚಿ, ಒಳಗೆ ಟೊಳ್ಳು ಬಿಟ್ಟು ಹೊಟ್ಟೆ ಮಾಡಬೇಕು. ಬಾಲಕ್ಕೆ ಚಪ್ಪಟೆ ಕಡ್ಡಿ ತೂರಿಸಿದರೆ ಊದುವ ದಾರಿಯಾಗುತ್ತದೆ. ಹೊಟ್ಟೆಯ ಕೆಳಗೆ ಒಂದು ಪುಟ್ಟ ಕಿಂಡಿ ಕೊರೆಯಬೇಕು. ಊದಿದ ಗಾಳಿ ಆ ಕಿಂಡಿಯ ಅಂಚಿಗೆ ಸರಿಯಾಗಿ ತಾಕಿ ಎರಡಾಗಿ ಸೀಳಿದರೆ ಸಿಳ್ಳೆ ಕೂಗುತ್ತದೆ. ಕೂದಲೆಳೆಯಷ್ಟು ಮೇಲೆ ಕೆಳಗೆ ಆದರೂ ಬರಿಯ ಉಸಿರು. ಖಾಲಾ ಹಸಿ ಮಣ್ಣಿನ ಕೋಳಿಯನ್ನೇ ಎತ್ತಿ ಊದಿದರು. ಗೋಡೆಯ ಮೇಲಿದ್ದ ನಿಜವಾದ ಕೋಳಿ ಕೆಳಗೆ ಹಾರಿತು.

ಮಧ್ಯಾಹ್ನದ ಹೊತ್ತಿಗೆ ನನ್ನ ಕೈಯಲ್ಲಿ ಇದ್ದದ್ದು ಬಟ್ಟಲು. ಚಿಕ್ಕದು, ಆದರೆ ಅದೇ ಹೊಟ್ಟೆ, ಅದೇ ಅಂಚು. ಯಾರೂ ನೋಡುವ ಮೊದಲು ಹಿಸುಕಿ ಮುದ್ದೆ ಮಾಡಿದೆ.

ಅಮ್ಮಿ ಮಾಡಿದ್ದಕ್ಕೆ ನಾಲ್ಕು ಕಾಲುಗಳಿದ್ದವು. ಕೋಳಿ ಅಂದಳು. ಖಾಲಾ ಅದನ್ನು ಎತ್ತಿ ನೋಡಿ, ಕೆಮ್ಮು ಬರುವವರೆಗೂ ನಕ್ಕರು. ಅಮ್ಮಿಯೂ ನಕ್ಕಳು. ಎರಡು ಕಾಲು ಕಿತ್ತು ಊದಿದಳು. ಸದ್ದು ಬರಲಿಲ್ಲ.

ನಾಲ್ಕನೆಯ ದಿನ

ಮೂರು ದಿನಗಳಲ್ಲಿ ಅಮ್ಮಿ ಹದಿಮೂರು ಮೂಕ ಕೋಳಿಗಳನ್ನು ಮಾಡಿದ್ದಳು. ಬೆಳಗಿನ ನಮಾಜು ಮುಗಿಸಿ ಅಂಗಳಕ್ಕೆ ಬಂದರೆ ಊಟಕ್ಕೆ ಕರೆದಾಗಲೇ ಏಳುವುದು. ಖಾಲಾ ಅವರ ಖೈಂಚಿ, ಅಂದರೆ ಕತ್ತರಿ, ಇಸಿದುಕೊಂಡು ಕೋಳಿಗಳ ಜುಟ್ಟನ್ನು ಚಂದವಾಗಿ ಕತ್ತರಿಸುತ್ತಿದ್ದಳು. ಸಿಳ್ಳೆಯೊಂದು ಮಾತ್ರ ಅವಳಿಗೆ ಒಲಿಯಲಿಲ್ಲ. ಊದಿ, ತಲೆ ಕೊಡವಿ, ಕಡ್ಡಿ ತೂರಿಸಿ, ಮತ್ತೆ ಊದುವಳು.

ನಾನು ಏನೂ ಮಾಡಿರಲಿಲ್ಲ. ಮಾಡಿದ್ದನ್ನೆಲ್ಲ ಹಿಸುಕಿದ್ದೆ.

ನಾಲ್ಕನೆಯ ದಿನ ಶುಕ್ರವಾರ. ಸಂತರ ಗೋರಿಗೆ ಹೋಗಲು ಕಾರು ಹೇಳಿದ್ದೆ. ಹತ್ತು ಗಂಟೆಗೆ ಕಾರು ಬಂದಾಗ ಅಮ್ಮಿ ಮೊಣಕೈವರೆಗೂ ಮಣ್ಣಾಗಿ ಕೂತಿದ್ದಳು.

"ನಾಳೆ ಹೋಗೋಣ. ಇದು ಈಗ ಸರಿ ಹೋಗೋ ಹಾಗಿದೆ."

"ಅಮ್ಮಿ, ನೀನು ಬಂದಿದ್ದೇ ಅದಕ್ಕೆ."

"ಹೌದು. ಆದರೆ ಗೋರಿ ಎಲ್ಲಿಗೂ ಹೋಗಲ್ಲ. ಮಣ್ಣು ಒಣಗಿಬಿಡುತ್ತೆ."

ನನಗೆ ಯಾಕೆ ಅಷ್ಟು ಸಿಟ್ಟು ಬಂತೋ. ಬಂದದ್ದು ನಾನು, ಬೇಕಾದದ್ದು ನನಗೆ. ಹತ್ತೊಂಬತ್ತು ವರ್ಷ ಈ ಕೆಲಸ ಮಾಡಿದ ನನ್ನ ಎದುರೇ ಅವಳು ಮಗುವಿನಂತೆ ಖುಷಿಯಾಗಿ ಕೂತಿದ್ದಳು. "ಇದು ನಿನಗೆ ಆಟ. ನನಗೆ ಬದುಕು," ಎಂದೆ. "ಇಲ್ಲಿಂದ ಹೋದ ಮೇಲೆ ಶೆಡ್ಡು ಇಟ್ಕೊಳ್ಳೋದಾ ಬಿಡೋದಾ ಅಂತ ಹೇಳ್ಬೇಕು ನಾನು. ನೀನು ಕೋಳಿ ಊದ್ತಾ ಕೂತಿದ್ದೀಯ."

ಅಮ್ಮಿ ಕೋಳಿಯನ್ನು ಹಲಗೆಯ ಮೇಲಿಟ್ಟಳು. ಸ್ವಲ್ಪ ಹೊತ್ತು ಬೆರಳುಗಳ ಮಣ್ಣು ಉಜ್ಜಿಕೊಳ್ಳುತ್ತಿದ್ದಳು.

"ನಲವತ್ತು ವರ್ಷ ಯಾರ್ಯಾರದೋ ಅಳತೆಗೆ ಹೊಲಿದೆ ಶಾಹೀನಾ. ತೋಳು ಹದಿಮೂರು, ಎದೆ ಮೂವತ್ತಾರು. ನಿನಗೆ ಬೇಜಾರಾಯ್ತು, ನೀನು ಎಂಟು ತಿಂಗಳು ಬಾಗಿಲು ಹಾಕ್ಕೊಂಡು ಕೂತೆ. ನಾನು ಒಂದ್ ಮಾತು ಅಂದೆನಾ? ಊಟ ತಂದಿಟ್ಟೆ. ನನಗೂ ಬೇಜಾರಾಗ್ತಿತ್ತು. ಮಷೀನ್ ನೋಡಿದ್ರೆ ವಾಕರಿಕೆ ಬರೋ ದಿನ ಇತ್ತು. ನಿಂಗದು ಗೊತ್ತಾಗಿತ್ತಾ?"

ನನಗೆ ಗೊತ್ತಾಗಿರಲಿಲ್ಲ.

"ಈ ಹೆಂಗಸು ಮಣ್ಣು ಕೊಟ್ಟಳು. ಅಳತೆ ಕೊಡ್ಲಿಲ್ಲ," ಎಂದು ಅಮ್ಮಿ ಕೋಳಿಯನ್ನು ಮತ್ತೆ ಎತ್ತಿಕೊಂಡಳು.

ಕಾರನ್ನು ಕಳುಹಿಸಿ ನಾನು ಚಪ್ಪಲಿ ಮೆಟ್ಟಿ ಹೊರಗೆ ನಡೆದೆ.

ಕಾಲುವೆಯ ದಾರಿ

ಊರಿನ ಹೊರಗೆ ಕಾಲುವೆಯ ದಂಡೆಯುದ್ದಕ್ಕೂ ಹಿಪ್ಪುನೇರಳೆ ಮರಗಳು. ನಮ್ಮ ಕಡೆಯ ಸೊಂಟದೆತ್ತರದ ಗಿಡಗಳಲ್ಲ, ಮುದಿ ಮರಗಳು. ವರ್ಷ ವರ್ಷ ಕೊಂಬೆ ಕಡಿಸಿಕೊಂಡು ಮುಷ್ಟಿ ಬಿಗಿದಂತೆ ನಿಂತಿದ್ದವು. ಅಳುತ್ತ ನಡೆಯುವವರು ದಾರಿ ನೋಡುವುದಿಲ್ಲ. ಒಂದು ಗಂಟೆಯ ಮೇಲೆ ತಿರುಗಿ ನೋಡಿದರೆ ಎಲ್ಲ ಕಡೆಯೂ ಒಂದೇ ರೀತಿಯ ಕಾಲುವೆ, ಒಂದೇ ರೀತಿಯ ಮರ. ಫೋನಿನ ನಕ್ಷೆ ನಾನು ಹತ್ತಿ ಹೊಲದ ನಡುವೆ ಇದ್ದೇನೆಂದು ಹೇಳಿತು. ಅದು ನನಗೂ ಕಾಣುತ್ತಿತ್ತು.

ಕತ್ತೆಗಾಡಿಯ ತುಂಬ ಹಸಿರು ಕೊಂಬೆ ಹೇರಿಕೊಂಡು ಒಬ್ಬ ಮುದುಕ ಬಂದ. ಖಾಲಾ ಅವರ ಹೆಸರು ಹೇಳಿ ಬಾಯಲ್ಲಿ ಸಿಳ್ಳೆ ಊದುವಂತೆ ಮಾಡಿ ತೋರಿಸಿದೆ. ತಿಳಿಯಿತೆಂದು ಎದೆಯ ಮೇಲೆ ಕೈಯಿಟ್ಟು, ಗಾಡಿಯಲ್ಲಿ ಕೂರೆಂದ. ದಾರಿಯಲ್ಲಿ ಅವನ ಮನೆಯ ಮುಂದೆ ಗಾಡಿ ನಿಂತಿತು. ಕೊಂಬೆ ಇಳಿಸಬೇಕಲ್ಲ. ನಾನೂ ಒಂದು ಹೊರೆ ಹೊತ್ತು ಒಳಗೆ ಹೋದೆ.

ಕೋಣೆಯಲ್ಲಿ ಹಲಗೆಗಳ ಮೇಲೆ ಸಾವಿರಾರು ರೇಷ್ಮೆ ಹುಳುಗಳು ಎಲೆ ಮೇಯುತ್ತಿದ್ದವು. ಆ ಸದ್ದು ತುಂತುರು ಮಳೆ ಬಿದ್ದಂತೆ. ಆ ವಾಸನೆ ಮೂಗಿಗೆ ಬಿದ್ದದ್ದೇ ನಾನು ಬಾಗಲೂರಿನಲ್ಲಿದ್ದೆ. ನನ್ನ ಶೆಡ್ಡಿನ ಗೋಡೆಗೆ ಇಷ್ಟು ವರ್ಷವಾದರೂ ಮಳೆ ಬಂದಾಗ ಅದೇ ವಾಸನೆ. ಮುದುಕನ ಒಪ್ಪಿಗೆ ಪಡೆದು ಮುನಿರಾಜಣ್ಣನಿಗೆ ವಿಡಿಯೊ ಕಾಲ್ ಮಾಡಿದೆ.

"ಅಲೆಲೆ, ನಾಕ್ನೇ ಜ್ವರ ದಾಟವೆ," ಎಂದರು ನೋಡಿದ ಕೂಡಲೇ. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. "ಎಲೆ ದೊಡ್ದಾಗೇ ಆಕ್ತಾವ್ನೆ, ಸರಿಯಾಗೈತೆ. ಆ ಮೂಲೆ ತೋರ್ಸಮ್ಮ. ಅಲ್ಲಿ ಸ್ವಲ್ಪ ಒತ್ತಾಗವೆ, ಬಿಡಿಸಾಕಬೇಕು ಅಂತ ಯೋಳು ಆವಪ್ಪಂಗೆ."

ನಾನು ಕೈಸನ್ನೆಯಲ್ಲಿ ಹೇಳಿದೆ. ಮುದುಕ ಫೋನಿನೊಳಗಿನ ಮುಖವನ್ನು ನೋಡಿ ನಕ್ಕು, ಆ ಮೂಲೆಯ ಹುಳುಗಳನ್ನು ಬಿಡಿಸಿ ಹರಡಿದ.

"ಬಿಟ್ಟಾಗ ಏನೂ ಅನ್ನಿಸ್ನಿಲ್ಲ ಕಣಮ್ಮ," ಎಂದರು ಮುನಿರಾಜಣ್ಣ. "ತ್ವಾಟ ಓಯ್ತು, ಇನ್ನೇನು ಸಾಕೋದು ಅಂತ ಬಿಟ್ಟೆ. ಸುಖವಾಗೇ ಇವ್ನಿ. ಆದ್ರೆ ಬ್ಯಾರೇವ್ರು ಮಾಡಾದ್ ಕಂಡ್ರೆ ಕೈ ಕಡೀತದೆ ನೋಡು."

ಶೆಡ್ಡಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅದೇ ದಿನ, ಮಧ್ಯಾಹ್ನ

ವಾಪಸು ಬಂದಾಗ ಅಮ್ಮಿ ಅಂಗಳದಲ್ಲೇ ಇದ್ದಳು. ಕಣ್ಣು ಕೆಂಪಾಗಿತ್ತು. ನಾನು ಕ್ಷಮಿಸು ಎನ್ನಲಿಲ್ಲ. ನಮ್ಮ ಮನೆಯಲ್ಲಿ ಆ ಮಾತಿನ ರೂಢಿಯಿಲ್ಲ. ಪಕ್ಕದಲ್ಲಿ ಕೂತು ಕೈ ಚಾಚಿದೆ.

"ಕೊಡು ನೋಡೋಣ."

ಊದಿದೆ. ಬರಿಯ ಉಸಿರು. ಕಿಂಡಿಯ ಅಂಚನ್ನು ಬೆರಳಿನಿಂದ ಸವರಿದೆ. ಅಮ್ಮಿ ಮಡಿಚಿದ ಮಣ್ಣು ಅಲ್ಲಿ ರವಿಕೆಯ ಪಟ್ಟಿಯಂತೆ ದಪ್ಪವಾಗಿತ್ತು. ಗಾಳಿ ಸೀಳಲು ಜಾಗವೇ ಇರಲಿಲ್ಲ. ಅಂಚನ್ನು ತೆಳ್ಳಗೆ ಕೆರೆದೆ. ಈಗ ಹಾವು ಬುಸುಗುಟ್ಟಿದಂತೆ ಸದ್ದು. ಊದುವ ದಾರಿ ಮೇಲಕ್ಕಾಯಿತೇನೋ ಎನ್ನಿಸಿತು. ಕೋಳಿಯನ್ನು ಹಾಳು ಮಾಡಬಾರದೆಂದು ಬೇರೆ ಮಣ್ಣು ತೆಗೆದುಕೊಂಡು ಬಾಲವನ್ನೂ ಕಿಂಡಿಯನ್ನೂ ಮಾತ್ರ ಮಾಡಿ ನೋಡಿದೆ. ಒಂದು ಅಗಲ ಕಿಂಡಿ, ಒಂದು ಕಿರಿದು. ಒಂದಕ್ಕೆ ಅಂಚು ಓರೆ. ಅಗಲದ್ದು ದಪ್ಪ ದನಿ, ಕಿರಿದು ಕೀಚಲು. ಹೊಟ್ಟೆ ದೊಡ್ಡದಾದರೆ ಏನಾಗಬಹುದು ಎಂದು ಇನ್ನೊಂದು. ಎರಡು ಹೊಟ್ಟೆ ಅಂಟಿಸಿದರೆ ಎಂದು ಮತ್ತೊಂದು.

"ಊಟ," ಎಂದು ಅಮ್ಮಿ ನನ್ನ ಭುಜ ಅಲುಗಿಸಿದಳು. ಮೂರು ಗಂಟೆಯಾಗಿತ್ತು. ಹಲಗೆಯ ಮೇಲೆ ಇಪ್ಪತ್ತಕ್ಕೂ ಹೆಚ್ಚು ಮಣ್ಣಿನ ತುಂಡುಗಳು. ಯಾವುದಕ್ಕೂ ರೂಪವಿರಲಿಲ್ಲ. ಬಟ್ಟಲು ಒಂದೂ ಇರಲಿಲ್ಲ, ಮತ್ತು ಅದನ್ನು ನಾನು ಗಮನಿಸಿಯೂ ಇರಲಿಲ್ಲ.

ಊಟ ಮಾಡುತ್ತ, ಮೊದಲ ದಿನದಿಂದ ತಡೆದಿಟ್ಟುಕೊಂಡಿದ್ದ ಪ್ರಶ್ನೆ ಕೇಳಿದೆ. ನಿಮಗೆ ಎಂದೂ ಬೇಸರ ಬರಲಿಲ್ಲವೇ, ಬಂದಾಗ ಏನು ಮಾಡಿದಿರಿ? ನಿಲೂಫರ್ ಕೇಳಿ ತಿಳಿಸಿದಳು. ಖಾಲಾ ಚಮಚ ಕೆಳಗಿಟ್ಟು ಹತ್ತು ನಿಮಿಷ ಮಾತಾಡಿದರು. ಕೈ ಬೀಸಿದರು, ಹೊಲದ ಕಡೆ ತೋರಿಸಿದರು, ಒಮ್ಮೆ ಕಣ್ಣೊರೆಸಿಕೊಂಡರು. ನಾನು ನಿಲೂಫರಳ ಮುಖ ನೋಡಿದೆ.

"ಬರುತ್ತಂತೆ," ಎಂದಳು ನಿಲೂಫರ್.

"ಅಷ್ಟೇನಾ?"

ಅವಳು ಯೋಚಿಸಿದಳು. ಇಂಗ್ಲಿಷಿನಲ್ಲಿ ಹುಡುಕಿ ಹುಡುಕಿ ಹೇಳಿದಳು: ಹತ್ತಿ ಹೊಲದ ಕೆಲಸ, ಮಕ್ಕಳು, ಗಂಡನ ಕಾಯಿಲೆ ಅಂತ ಹನ್ನೊಂದು ವರ್ಷ ಮಣ್ಣು ಮುಟ್ಟಿರಲಿಲ್ಲವಂತೆ. ಮತ್ತೆ ಶುರು ಮಾಡಿದಾಗ ಎಲ್ಲವೂ ಕೆಟ್ಟದಾಗಿ ಬಂದವಂತೆ. ಅವನ್ನು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟರಂತೆ. ಮಕ್ಕಳಿಗೆ ಚೆನ್ನಾಗಿದೆಯೋ ಇಲ್ಲವೋ ಬೇಕಿರಲಿಲ್ಲ, ಕೂಗಿದರೆ ಸಾಕಿತ್ತು. "ಈಗಲೂ ಕೆಲವು ದಿನ ಕೆಟ್ಟದ್ದೇ ಮಾಡ್ತಾರಂತೆ," ಎಂದು ಸೇರಿಸಿದಳು.

ಖಾಲಾ ಚಮಚ ಎತ್ತಿಕೊಂಡು ಸಾರಿನಲ್ಲಿ ಉಪ್ಪು ಕಡಿಮೆಯೆಂದು ಸೊಸೆಗೆ ಹೇಳಿದರು. ಅದು ನಮಗೆ ಅನುವಾದವಿಲ್ಲದೆ ತಿಳಿಯಿತು.

ಕೊನೆಯ ದಿನ

ಶನಿವಾರ ಗೋರಿಗೆ ಹೋಗಿ ಬಂದೆವು. ಅಮ್ಮಿ ಅಲ್ಲಿ ಬಹಳ ಹೊತ್ತು ಕೈಯೆತ್ತಿ ನಿಂತಿದ್ದಳು. ಏನು ಬೇಡಿದೆ ಎಂದು ಕೇಳಲಿಲ್ಲ.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಅಂಗಳದ ಮೂಲೆಯ ಆವಿಗೆಗೆ ಬೆಂಕಿ ಇಟ್ಟರು. ಉರುವಲು ಒಣಗಿದ ಹತ್ತಿ ಕಡ್ಡಿ. ಅಮ್ಮಿಯ ಕೋಳಿಗಳಲ್ಲಿ ಏಳನ್ನು ಖಾಲಾ ಆರಿಸಿ ತಮ್ಮ ಗೊಂಬೆಗಳ ಪಕ್ಕದಲ್ಲಿ ಜೋಡಿಸಿದರು. ನನ್ನದು ಒಂದೇ, ಎರಡು ಹೊಟ್ಟೆಯ ಹೆಸರಿಲ್ಲದ ಪ್ರಾಣಿ. ಅಮ್ಮಿಯ ಕೋಳಿಗಳು ಇನ್ನೂ ಪೂರ್ತಿ ಒಣಗಿಲ್ಲವೆಂದು ನನಗೆ ಕಾಣುತ್ತಿತ್ತು. ದಪ್ಪ ಮಣ್ಣಿನೊಳಗೆ ತೇವ ಉಳಿದರೆ ಬೆಂಕಿಯಲ್ಲಿ ಸಿಡಿಯುತ್ತದೆ. ಮರುದಿನವೇ ಹೊರಡಬೇಕು, ಒಣಗಿಸಲು ದಿನವಿಲ್ಲ ಎಂದುಕೊಂಡು ಹೇಳದೆ ಬಿಟ್ಟೆ.

ಅರ್ಧ ಗಂಟೆಗೆ ಒಳಗಿನಿಂದ 'ಟಪ್' ಎಂದಿತು.

"ಏನದು?" ಎಂದಳು ಅಮ್ಮಿ.

"ಕಡ್ಡಿ ಅಮ್ಮಿ."

ಮತ್ತೆ ಟಪ್. ಮತ್ತೆ. ಅಮ್ಮಿ ಎಣಿಸುತ್ತಿದ್ದಳು ಎಂದು ನನಗೆ ಆಮೇಲೆ ತಿಳಿಯಿತು.

ಸಂಜೆ ಆವಿಗೆ ಆರಿಸಿ ತೆಗೆದಾಗ ಅಮ್ಮಿಯ ನಾಲ್ಕು ಕೋಳಿಗಳು ಚೂರಾಗಿದ್ದವು. ನನ್ನ ಪ್ರಾಣಿಯ ಒಂದು ಹೊಟ್ಟೆ ಬಿರಿದಿತ್ತು. ಅಮ್ಮಿ ಉಳಿದ ಮೂರನ್ನು ಒಂದೊಂದಾಗಿ ಊದಿದಳು. ಮೊದಲನೆಯದು ಮೂಕ. ಎರಡನೆಯದೂ ಮೂಕ. ಮೂರನೆಯದು ಶೀತ ಹಿಡಿದ ಕೋಳಿಯಂತೆ ಗೊಗ್ಗರು ದನಿಯಲ್ಲಿ ಕೂಗಿತು.

ಅಮ್ಮಿ ಅದನ್ನು ಬಾಯಿಂದ ತೆಗೆದು ಒಮ್ಮೆ ನೋಡಿದಳು. ಮತ್ತೆ ಊದಿದಳು. ಹಲೀಮಾ ಖಾಲಾ ತಮ್ಮದೊಂದನ್ನು ಎತ್ತಿ ಉತ್ತರವಾಗಿ ಊದಿದರು. ಇಬ್ಬರು ಮುದುಕಿಯರು ಬೆಳಕು ಇಳಿಯುವವರೆಗೂ ಹಾಗೇ ಕೂಗಾಡಿದರು. ನಿಲೂಫರ್ ಕಿವಿ ಮುಚ್ಚಿಕೊಂಡು ಒಳಗೆ ಹೋದಳು.

ನಾನು ಬಿರಿದ ಪ್ರಾಣಿಯನ್ನು ತಿರುಗಿಸಿ ನೋಡುತ್ತಿದ್ದೆ. ಹೊಟ್ಟೆಗಳ ನಡುವೆ ಗೋಡೆ ಇನ್ನೂ ತೆಳುವಾಗಬೇಕಿತ್ತು. ಇನ್ನೂ ಎರಡು ದಿನ ಒಣಗಿಸಬೇಕಿತ್ತು. ಮಣ್ಣಿಗೆ ಸ್ವಲ್ಪ ಮರಳು ಸೇರಿಸಿದರೆ ಹೇಗೆ? ಅಲ್ಲೇ ಕೂತು ಮುನಿರಾಜಣ್ಣನಿಗೆ ಶೆಡ್ಡು ಬೇಕೆಂದು ಸಂದೇಶ ಕಳುಹಿಸಿದೆ. ಅವರ ಉತ್ತರ ಒಂದೇ ಸಾಲು: "ಸರಿ ಕಣಮ್ಮ, ಎಗ್ಗಣ ಸೇರ್ಕಂಡವೆ, ಬಾ ಬೇಗ."

ಬಾಗಲೂರು

ಹಿಂದಿರುಗಿದ ನಾಲ್ಕನೆಯ ದಿನ ಶೆಡ್ಡಿಗೆ ಹೋದೆ. ಅಮ್ಮಿಯೂ ಬಂದಳು. ಸ್ಕೂಟರಿನಲ್ಲಿ ಅಷ್ಟು ದೂರ ಕೂರಲು ಅವಳಿಗೆ ಆಗುವುದಿಲ್ಲ. ಹೆಬ್ಬಾಳದಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಹೋದೆವು. ಹೆಗ್ಗಣಗಳು ನಿಜವಾಗಿಯೂ ಇದ್ದವು. ಗುಡಿಸಿ, ತೊಳೆದು, ಮಣ್ಣು ನೆನೆಸಿದ್ದರಲ್ಲೇ ಬೆಳಗು ಕಳೆಯಿತು.

ಮಧ್ಯಾಹ್ನದ ಮೇಲೆ ತಿಗರಿಯ ಮುಂದೆ ಕೂತೆ. ಆರು ಮಾಡಿದೆ. ಮೊದಲ ಎರಡು ಅದೇ ಸೂಪ್ ಬಟ್ಟಲು. ಅವನ್ನು ಹಿಸುಕಲಿಲ್ಲ, ಪಕ್ಕಕ್ಕಿಟ್ಟೆ. ಉಳಿದ ನಾಲ್ಕು ಏನೆಂದು ನನಗೂ ಹೇಳಲು ಬರುವುದಿಲ್ಲ. ಒಂದೂ ಚೆನ್ನಾಗಿರಲಿಲ್ಲ. ಮುನಿರಾಜಣ್ಣ ಬಾಗಿಲಲ್ಲಿ ನಿಂತು ನೋಡಿ, "ಇದೇನಮ್ಮ ಇದು?" ಎಂದರು. ಗೊತ್ತಿಲ್ಲ ಅಣ್ಣ ಎಂದೆ. ಅದಕ್ಕೇ ಕೇಳಿದೆ ಎನ್ನುವಂತೆ ತಲೆಯಾಡಿಸಿ ಹೋದರು.

ಅಮ್ಮಿ ಕಿಟಕಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಕೂತಿದ್ದಳು. ಇಡೀ ಮಧ್ಯಾಹ್ನ ಮಣ್ಣು ತಟ್ಟಿ ಮಡಿಚುತ್ತಿದ್ದಳು. ಐದು ಗಂಟೆಗೆ ಬಕೆಟ್ಟಿನಲ್ಲಿ ಕೈ ತೊಳೆದುಕೊಂಡು, ತಾನು ಮಾಡಿದ್ದರ ಮೇಲೆ ಒದ್ದೆ ಬಟ್ಟೆ ಹೊದಿಸಿದಳು.

"ನಾಳೆ ಇನ್ನೂ ಬೇಗ ಹೊರಡೋಣ," ಎಂದಳು. "ಎಂಟಕ್ಕೆ ಮುಂಚೆ ಆದ್ರೆ ಬಸ್ಸಲ್ಲಿ ಸೀಟು ಸಿಗುತ್ತೆ."